ಇನ್ನೊಮ್ಮೆ ಹೇಳು

ಯಾಕುಪನ ಮಗಳ ಮದುವೆಗೆಂದು ತರಿಸಿದ ಹೊಚ್ಚಹೊಸ ಬಟ್ಟೆ ಒಗೆಯುವ ಯಂತ್ರ ಕಣಿವೆಯ ನಟ್ಟನಡುವೆ, ಆಕಾಶದಲ್ಲಿ, ಒಂದು ಪಲ್ಟಿ ಹೊಡೆದು ತೊರೆಗೆ ಬಿದ್ದದ್ದನ್ನು ಎರಡೂ ಗುಡ್ಡದವರು ಬಾಯಿ ಬಿಟ್ಟುಕೊಂಡು ನೋಡಿದರು. ಆಸಿಯೆಗೆ ಬಾಯಿ ಬಿಡಲು ಪುರುಸೊತ್ತಿರಲಿಲ್ಲ. ಅವಳು ಎರಡು ಬೆರಳು ಬಾಯೊಳಗಿಟ್ಟು ಇನ್ನೂ ಸಿಳ್ಳೆ ಹಾಕುತ್ತಲೇ ಇದ್ದಳು. "ನಿಲ್ಲಿಸು! ದುರ್ಸುನ್, ನಿಲ್ಲಿಸು! ತಂತಿ ಗಾಲಿಯಿಂದ ಜಾರಿದೆ, ನಿಲ್ಲಿಸೋ!"

ನಮ್ಮ ಕಡೆ ಎದುರುಗುಡ್ಡದವನ ಹತ್ತಿರ ಮಾತಾಡಬೇಕೆಂದರೆ ಇಳಿದು ಹತ್ತಲು ಒಂದು ಗಂಟೆ ಬೇಕು. ಸಿಳ್ಳೆಗೆ ಒಂದು ಉಸಿರು ಸಾಕು. ಹಸು ಕರು ಹಾಕಿತು, ಹಿಟ್ಟು ಮುಗಿಯಿತು, ನಿನ್ನ ಅತ್ತೆ ಬರುತ್ತಿದ್ದಾಳೆ ಹುಷಾರು, ಎಲ್ಲವೂ ಸಿಳ್ಳೆಯಲ್ಲೇ, ಪೂರಾ ವಾಕ್ಯದಲ್ಲಿ. ಸಾಮಾನು ಸಾಗಿಸಲು ಮಾತ್ರ ತಂತಿ ಇದೆ. ಈಚೆ ದಡದಲ್ಲಿ ಡೀಸೆಲ್ ಎಂಜಿನ್, ಆಚೆ ದಡದಲ್ಲಿ ಹೇಜಲ್‌ಕಾಯಿಯ ತೋಟ, ನಡುವೆ ತೂಗಾಡುತ್ತ ಓಡುವ ಕಬ್ಬಿಣದ ಪೆಟ್ಟಿಗೆ. ಮೂವತ್ತು ವರ್ಷದಿಂದ ಆ ಎಂಜಿನ್ನಿನ ಪಕ್ಕ ಕೂತವನು ಆಸಿಯೆಯ ಗಂಡ ದುರ್ಸುನ್. ಆಚೆಯಿಂದ "ಎಳೆ", "ಬಿಡು", "ನಿಲ್ಲಿಸು" ಎಂದು ಸಿಳ್ಳೆ ಹಾಕುವವಳು ಆಸಿಯೆ. ಈ ಮೂವತ್ತು ವರ್ಷದಲ್ಲಿ ಒಂದು ಮೊಟ್ಟೆಯೂ ಒಡೆದಿರಲಿಲ್ಲ.

ಅವಳು ಅಂದು ಆರು ಸಲ ಸಿಳ್ಳೆ ಹಾಕಿದ್ದಳು. ಎಂಜಿನ್ ಮನೆಯ ಬಾಗಿಲಲ್ಲಿ ದುರ್ಸುನ್ ನಿಂತದ್ದು ಅವಳ ಕಣ್ಣಿಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಅವನು ಅವಳ ಕಡೆಗೇ ಮುಖ ಮಾಡಿದ್ದ. ಸಿಗರೇಟಿನ ಬೂದಿ ಕೊಡವಿದ. ಸನ್ನೆಗೋಲನ್ನು ಮುಟ್ಟಲೇ ಇಲ್ಲ.

ಆಸಿಯೆ ಇಳಿದು, ತೊರೆ ದಾಟಿ, ಏದುಸಿರು ಬಿಡುತ್ತ ಹತ್ತಿ ಬರುವಷ್ಟರಲ್ಲಿ ಎಂಜಿನ್ ಮನೆಯ ಮುಂದಿನ ಅಕ್ರೋಟ್ ಮರದ ಕೆಳಗೆ ಪಂಚಾಯಿತಿ ಸೇರಿಬಿಟ್ಟಿತ್ತು. ಯಾಕುಪ್ ನಮ್ಮೂರಿನ ಮುಖ್ತಾರ್, ಊರಿನ ಯಜಮಾನಿಕೆ ಅವನದು. ಅಂದು ಅವನ ಮೀಸೆಯೂ ನಡುಗುತ್ತಿತ್ತು.

"ಹೋಗ್ಲಿ, ಮಷೀನು ಹೋಯ್ತು, ಬಿಟ್ಟಾಕಿ," ಎಂದ ಯಾಕುಪ್, ಬಿಟ್ಟುಹಾಕುವವನ ಧ್ವನಿಯಲ್ಲಿ ಅಲ್ಲ. "ನಾಳೆ ಆ ಪೆಟ್ಟಿಗೇಲಿ ನಮ್ಮ ಹೆಂಗಸರು ಕೂತಿರ್ತಾರೆ. ಆಗ?"

"ಎಂಜಿನ್ ಸದ್ದಿಗೆ ಕೇಳಿಸಿರಲ್ಲ," ಎಂದಳು ಆಸಿಯೆ. "ಕಿವಿ ಸ್ವಲ್ಪ ಮಂದ ಆಗಿರ್ಬೇಕು. ವಯಸ್ಸಾಯ್ತಲ್ಲ."

"ಮಂದ? ನೋಡು ಹಾಗಾದ್ರೆ." ಯಾಕುಪ್ ಚಹಾದ ಲೋಟ ಹಿಡಿದು, ಧ್ವನಿ ಏರಿಸದೆ ಕೇಳಿದ. "ದುರ್ಸುನ್, ಸಕ್ಕರೆ ಎಷ್ಟು ಹಾಕ್ಲಿ?"

"ಎರಡು," ಎಂದ ದುರ್ಸುನ್, ತಲೆ ಎತ್ತದೆ.

"ಕೇಳಿದ್ಯಾ ಅಕ್ಕಾ? ಕಿವುಡನಾಗಿದ್ರೆ ಕಿವುಡ ಅಂತಿದ್ವಿ, ಯಾರಿಗೇನು ಬೇಜಾರು? ಮಾತೆಲ್ಲ ಕೇಳುತ್ತೆ. ಸಿಳ್ಳೆ ಒಂದೇ ಅರ್ಥ ಆಗಲ್ಲ ಅಂದ್ರೆ, ಕೆಟ್ಟಿರೋದು ಕಿವಿ ಅಲ್ಲ. ಒಳಗಿನ ಸಾಮಾನು." ಅವನು ತನ್ನ ಹಣೆಗೆ ಬೆರಳಿನಿಂದ ತಟ್ಟಿ ತೋರಿಸಿದ. "ಇದ್ರಿಸಣ್ಣಂಗೂ ಹೀಗೇ ಶುರುವಾಗಿದ್ದು."

ಇದ್ರಿಸನಂಥ ಸಿಳ್ಳೆಗಾರ ಕಣಿವೆಯಲ್ಲಿ ಇನ್ನೊಬ್ಬನಿರಲಿಲ್ಲ. ಒಂದು ದಿನ ಹಾಸಿಗೆ ಹಿಡಿದ ಅವನಿಗೆ ಮೊದಲು ಸಿಳ್ಳೆ ಹೋಯಿತು, ಆಮೇಲೆ ಹೆಸರುಗಳು ಹೋದವು, ಎರಡು ವರ್ಷ ಕಳೆಯುವುದರೊಳಗೆ ಹೆಂಡತಿ ನಜ್ಮಿಯೆಯನ್ನೇ ಯಾರೋ ದಾರಿಹೋಕಳೆಂಬಂತೆ ನೋಡತೊಡಗಿದ. ಆಸಿಯೆ ಅದನ್ನು ಪಕ್ಕದ ಮನೆಯಿಂದ ದಿನದಿನವೂ ಕಂಡಿದ್ದಳು. ಈಗ ಅವಳು ಗಂಡನ ಕಡೆ ತಿರುಗಿ ನೋಡಿದಳು. ಎಂಜಿನ್ ಹಾಳಾಗಿ ಹೋಗಲಿ. ಇವನು ನನ್ನನ್ನೂ ಮರೆತುಬಿಟ್ಟರೆ?

"ಹತ್ತು ದಿನಕ್ಕೆ ಕಾಯಿ ಕೊಯ್ಲು," ಎಂದ ಯಾಕುಪ್. "ಶುಕ್ರವಾರದ ನಮಾಜು ಮುಗಿದ ಮೇಲೆ ಎಂಜಿನ್ ಮನೆ ಬೀಗದಕೈ ನನ್ನ ತಮ್ಮನ ಮಗನ ಕೈಗೆ. ಬೈಬೇಡ ಅಕ್ಕಾ, ಊರಿನ ಜೀವದ ಪ್ರಶ್ನೆ."

ಬೈಯಲು ಆಸಿಯೆ ಬಾಯಿ ತೆರೆದದ್ದೂ ಆಗಿತ್ತು. ಅಷ್ಟರಲ್ಲಿ ದುರ್ಸುನ್ ಎದ್ದು ಜೇಬಿಗೆ ಕೈಹಾಕಿ ಬೀಗದಕೈ ತೆಗೆದು, ಸಕ್ಕರೆ ಡಬ್ಬಿಯ ಪಕ್ಕ ಮೆಲ್ಲಗೆ ಇಟ್ಟ. ಶುಕ್ರವಾರದವರೆಗೂ ಕಾಯಲಿಲ್ಲ. ಅದನ್ನು ನೋಡಿ ಅವಳಿಗೆ ಯಂತ್ರ ಬಿದ್ದಾಗ ಆಗದಿದ್ದ ನೋವಾಯಿತು.

ಮನೆಯಲ್ಲಿ ಜೋಳದ ರೊಟ್ಟಿ ಮುರಿದು ಎಲೆಕೋಸಿನ ಸಾರಿಗೆ ಅದ್ದುತ್ತ ಕೂತವನ ಎದುರು ಅವಳು ಸೊಂಟಕ್ಕೆ ಕೈಯಿಟ್ಟು ನಿಂತಳು.

"ಯಾವಾಗಿಂದ?"

"ಏನು ಯಾವಾಗಿಂದ?"

"ನಾಟಕ ಬೇಡ ಮುದುಕಾ. ನನ್ನ ಸಿಳ್ಳೆ ತಲೆಗೆ ಹತ್ತದೆ ಎಷ್ಟು ದಿನ ಆಯ್ತು?"

ದುರ್ಸುನ್ ರೊಟ್ಟಿ ಕೆಳಗಿಟ್ಟ. "ಹೋದ ವರ್ಷದ ಕೊಯ್ಲಿಂದ. ಬರುತ್ತೆ ಆಸಿಯೆ, ಏನೋ ಒಂದು ಬರುತ್ತೆ. ಆದ್ರೆ ಮುಖ ಮೂಗು ಇಲ್ದೆ ಬರುತ್ತೆ. ಪೆಟ್ಟಿಗೆ ನೋಡ್ಕೊಂಡು, ನಿನ್ನ ಕೈ ನೋಡ್ಕೊಂಡು, ಅಂದಾಜಿನ ಮೇಲೆ ಓಡಿಸ್ತಿದ್ದೆ. ಇವತ್ತು ಬಿಸಿಲು ಕಣ್ಣಿಗೆ ಹೊಡೀತಿತ್ತು, ನಿನ್ನ ಕೈ ಕಾಣ್ಲಿಲ್ಲ."

"ಒಂದು ವರ್ಷ! ಇನ್ನೊಮ್ಮೆ ಹೇಳು ಅಂತ ಒಂದು ಸಲ ಕೇಳಕ್ಕಾಗ್ಲಿಲ್ವಾ?"

ಕೇಳಿದ ಮೇಲೆ ಅವಳಿಗೇ ನಾಲಿಗೆ ಕಚ್ಚಿಕೊಳ್ಳುವಂತಾಯಿತು. ಕಣಿವೆಯಲ್ಲಿ ಸಿಳ್ಳೆಗೆ "ಇನ್ನೊಮ್ಮೆ ಹೇಳು" ಎಂದು ಮರುಸಿಳ್ಳೆ ಹಾಕಿದವನು ಕೇಳಿಸಿಕೊಂಡವರಿಗೆಲ್ಲ ಚಹಾ ಕುಡಿಸಬೇಕು. ಅಜ್ಜಂದಿರ ಕಾಲದ ಪದ್ಧತಿ. ಚಹಾದ ಮಾತು ಹಾಗಿರಲಿ, ಆಮೇಲೆ ಒಂದು ವಾರ ಎರಡೂ ಗುಡ್ಡದವರ ಗೇಲಿ ತಡೆಯಬೇಕು. ದುರ್ಸುನ್ ಹುಟ್ಟಿದಾಗಿನಿಂದ ಒಂದು ಸಲವೂ ಆ ಚಹಾ ಕುಡಿಸಿದವನಲ್ಲ. ಅವಮಾನಕ್ಕೆ ಹೆದರಿ ಅವನು ಕೇಳುವುದನ್ನು ಬಿಟ್ಟ, ಆಮೇಲೆ ತಾನು ಸಿಳ್ಳೆ ಹಾಕುವುದನ್ನೂ ಬಿಟ್ಟ. ಇದನ್ನು ಒಂದು ವರ್ಷ ಗಮನಿಸದ ತನ್ನನ್ನು ಆಸಿಯೆ ಮನಸ್ಸಿನಲ್ಲೇ ಚೆನ್ನಾಗಿ ಬೈದುಕೊಂಡಳು.

"ಯಾಕುಪ್ ಹೇಳಿದ್ದು ನಿಜ," ಎಂದ ದುರ್ಸುನ್. "ತಲೆ ಹೋಗ್ತಿದೆ. ನಿನ್ನ ಹೆಸರು ಮರೆಯೋ ಮುಂಚೆ ಒಂದು ಮಾತು ಹೇಳಿರ್ತೀನಿ…"

"ಏನೂ ಹೇಳ್ಬೇಡ! ಸಾರು ಕುಡಿ. ನಾಳೆ ಬೆಳಗ್ಗೆ ಬಸ್ಸಿಗೆ ಆಸ್ಪತ್ರೆಗೆ ಹೊರಡ್ತಿದ್ದೀವಿ."

ಕೆಳಗೆ ಸಮುದ್ರದ ದಡದ ಪಟ್ಟಣದ ದೊಡ್ಡ ಆಸ್ಪತ್ರೆಯಲ್ಲಿ ಮಿದುಳಿನ ಡಾಕ್ಟರು ಕನ್ನಡಕದ, ಸಮಾಧಾನದ ಮನುಷ್ಯ. ದುರ್ಸುನ್‌ನನ್ನು ಒಂದು ಗೆರೆಯ ಮೇಲೆ ನಡೆಸಿದರು, ಕಣ್ಣು ಮುಚ್ಚಿಸಿ ಮೂಗು ಮುಟ್ಟಿಸಿದರು, ಗಡಿಯಾರದ ಚಿತ್ರ ಬರೆಸಿದರು. ಐದು ಪದ ಹೇಳಿ, ಹತ್ತು ನಿಮಿಷ ಬೇರೆ ಮಾತಾಡಿ, ಅವು ಯಾವುವು ಎಂದು ಕೇಳಿದರು.

"ಮೀನು, ಬೀಗ, ಚೆರ್ರಿ, ಅಂಗಿ, ಸೇತುವೆ," ಎಂದ ದುರ್ಸುನ್. "ಮೀನು ಯಾವುದು ಅಂತ ನೀವು ಹೇಳ್ಲೇ ಇಲ್ಲ. ಬಂಗಡೆಯಾ?"

ಮರುದಿನ ತಲೆಯ ಒಳಗಿನ ಚಿತ್ರವೂ ಬಂತು. ಡಾಕ್ಟರು ಅದನ್ನು ಬೆಳಕಿಗೆ ಹಿಡಿದು ನೋಡಿ, "ನಿಮ್ಮ ಗಂಡನ ಮಿದುಳು ನನ್ನದಕ್ಕಿಂತ ಚೆನ್ನಾಗಿದೆ," ಎಂದರು.

"ಹಾಗಾದ್ರೆ ನಮ್ಮ ಭಾಷೆ ಯಾಕೆ ಮರ್ತುಹೋಯ್ತು?" ಎಂದಳು ಆಸಿಯೆ.

"ಯಾವ ಭಾಷೆ?"

ಬಾಯಲ್ಲಿ ಹೇಳಿದರೆ ಈ ಪಟ್ಟಣದವನಿಗೆ ತಿಳಿಯುವುದಿಲ್ಲ ಎಂದುಕೊಂಡು ಆಸಿಯೆ ಎರಡು ಬೆರಳು ಬಾಯಿಗಿಟ್ಟು, ನಾಲ್ಕು ಗೋಡೆಯ ನಡುವೆ ಇದ್ದೇನೆಂಬುದನ್ನು ಮರೆತು, ಗುಡ್ಡಕ್ಕೆ ಹಾಕುವ ಸಿಳ್ಳೆಯನ್ನೇ ಹಾಕಿಬಿಟ್ಟಳು. ಡಾಕ್ಟರ ಕೈಯಿಂದ ಚಿತ್ರ ಬಿತ್ತು. ಎಲ್ಲೋ ಒಂದು ತಟ್ಟೆ ಠಣಾರೆಂದಿತು. ಕಾವಲುಗಾರ ಓಡಿಬಂದ. ದುರ್ಸುನ್ ಮಾತ್ರ ಕಿಟಕಿಯಾಚೆಯ ಹಡಗನ್ನು ನೋಡುತ್ತ ಕೂತಿದ್ದ.

"ನೋಡಿದ್ರಾ?" ಎಂದಳು ಅವಳು, ಅಳು ಬರುವ ಹಾಗೆ. "ಮಾತು ಕೇಳುತ್ತೆ, ಇದು ತಿಳಿಯಲ್ಲ. ನಮ್ಮೂರ ಇದ್ರಿಸಂಗೂ ಹೀಗೇ ಆಗಿತ್ತು."

ಡಾಕ್ಟರು ಕಾವಲುಗಾರನನ್ನು ಕಳಿಸಿ, ಕುರ್ಚಿ ಹತ್ತಿರ ಎಳೆದುಕೊಂಡರು. ಅವರ ಕಣ್ಣಲ್ಲಿ ಹೊಸ ಕುತೂಹಲ ಬಂದಿತ್ತು. "ಆ ಇದ್ರಿಸಂಗೆ ಏನೇನಾಯ್ತು? ಪೂರ್ತಿ ಹೇಳಿ."

"ಒಂದು ಬೆಳಗ್ಗೆ ಎದ್ದಾಗ ಬಲಗೈ ಬಿದ್ದುಹೋಗಿತ್ತು. ಬಾಯಿ ಸೊಟ್ಟ. ಮಾತೆಲ್ಲ ತೊಡರು."

"ತಾನೇ ಸಿಳ್ಳೆ ಹಾಕ್ತಿದ್ನಾ?"

"ಎಲ್ಲಿ ಹಾಕ್ತಾನೆ? ಗಾಳಿ ಬರ್ತಿತ್ತು, ಮಾತು ಬರ್ತಿರಲಿಲ್ಲ."

"ಇವರು?"

ಆಸಿಯೆ ಗಂಡನ ಮುಖ ನೋಡಿದಳು. ಇವನನ್ನು ಯಾರೂ ಕೇಳಿಯೇ ಇರಲಿಲ್ಲ. ಇಡೀ ಕಣಿವೆ ತೀರ್ಪು ಕೊಟ್ಟಾಗಿತ್ತು, ಇವನೂ ಒಪ್ಪಿ ಬೀಗದಕೈ ಇಟ್ಟಾಗಿತ್ತು. ಆದರೆ 'ಎಲ್ಲಿ, ನೀನೊಂದು ಸಿಳ್ಳೆ ಹಾಕು' ಎನ್ನಲು ಒಬ್ಬರಿಗೂ ಹೊಳೆದಿರಲಿಲ್ಲ.

"ಹಾಕು," ಎಂದಳು ಅವನ ಭುಜ ಹಿಡಿದು. "ದುರ್ಸುನ್, ಏನಾದ್ರೂ ಹಾಕು!"

"ಬರಲ್ಲ ಆಸಿಯೆ."

"ಬರದಿದ್ರೆ ಬರದೇ ಇರ್ಲಿ. ಹಾಕು ಅಂದೆ!"

ಅವನು ಬೆರಳು ಬಾಯಿಗಿಟ್ಟ. ಮೊದಲು ಬರೀ ಗಾಳಿ. ಆಮೇಲೆ ಬಂತು ನೋಡಿ! ಏರಿ, ಬಾಗಿ, ತುಂಡಾಗಿ, ಮತ್ತೆ ಏರಿ, ಒಂದು ಅಕ್ಷರ ಅತ್ತಿತ್ತ ಆಗದೆ, ಇಡೀ ವಾಕ್ಯ ಆ ಕೋಣೆಯಲ್ಲಿ ತುಂಬಿತು. "ಬುಟ್ಟಿ ಹೊತ್ತ ಹುಡುಗೀ, ಹೊರೆ ಇಳಿಸು, ನಾನು ಬರ್ತೀನಿ."

ನಲವತ್ತೊಂದು ವರ್ಷದ ಹಿಂದೆ ಅವನು ಕಣಿವೆಯಾಚೆಯಿಂದ ಅವಳಿಗೆ ಹಾಕಿದ ಮೊಟ್ಟಮೊದಲ ಸಿಳ್ಳೆ ಅದು. ಅಂದು ಅದನ್ನು ಎರಡೂ ಗುಡ್ಡ ಕೇಳಿಸಿಕೊಂಡಿತ್ತು, ಅವಳಪ್ಪನೂ ಕೇಳಿಸಿಕೊಂಡಿದ್ದ. "ಹೊರೆ ಭಾರ ಇಲ್ಲ, ನಿನ್ನ ಕೆಲಸ ನೋಡ್ಕೋ!" ಎಂದು ಅವಳು ತಿರುಗಿ ಸಿಳ್ಳೆ ಹಾಕಿದ್ದಳು. ಬುಟ್ಟಿಯ ಭಾರಕ್ಕೆ ಅಂದು ಅವಳ ಹೆಗಲು ಕಿತ್ತುಬರುತ್ತಿತ್ತು.

ಆಸಿಯೆ ಬಾಯಿಗೆ ತಲೆವಸ್ತ್ರದ ತುದಿ ಒತ್ತಿಕೊಳ್ಳುವಷ್ಟರಲ್ಲಿ ಹೊರಗಿನ ಹಜಾರದಿಂದ ಇನ್ನೊಂದು ಸಿಳ್ಳೆ ಕೇಳಿತು. "ನಾನು ಇಳಿಸಿ ಕೂತಿದ್ದೀನಿ, ಬರೋನು ಬೇಗ ಬಾ!" ಬಾಗಿಲು ತೆರೆದು ನೋಡಿದರೆ ಪಕ್ಕದ ಕಣಿವೆಯ ಯಾವುದೋ ಮುದುಕಿ, ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಗಾಲಿಕುರ್ಚಿಯಲ್ಲಿ ಕೂತು ಕಿಸಿಕಿಸಿ ನಗುತ್ತಿದ್ದಳು. ಆಸಿಯೆಗೆ ನಗುವೂ ಅಳುವೂ ಒಟ್ಟಿಗೇ ಬಂದವು.

"ಏನಂತೆ?" ಎಂದರು ಡಾಕ್ಟರು.

"ಭಾಷೆ ಇದೆಯಂತೆ! ಎಲ್ಲ ಇದೆ, ಇವನ ಹತ್ರ ಪೂರ್ತಿ ಇದೆ!"

ಡಾಕ್ಟರಿಗೂ ಉತ್ಸಾಹ ಬಂದು ಎದ್ದು ನಿಂತರು. "ಕೇಳಿ ಅಮ್ಮಾ. ಇದ್ರಿಸಂಗೆ ಆಗಿದ್ದು ಲಕ್ವ, ಮಿದುಳಿಗೆ ಬಿದ್ದ ಪೆಟ್ಟು. ಭಾಷೆ ಇರೋ ಜಾಗಕ್ಕೇ ಹೊಡೀತು. ಹಾಗಾದ್ರೆ ಕೈ, ಬಾಯಿ, ಮಾತು, ಯಾವುದಾದ್ರೂ ಜೊತೇಲಿ ಕೆಡೋದೇ ಹೆಚ್ಚು. ಇವರದ್ದು ಒಂದೂ ಕೆಟ್ಟಿಲ್ಲ. ಹೋಗೋ ಮಾತು ಹೋಗ್ತಿದೆ, ಬರೋದು ಮಾತ್ರ ತಲುಪ್ತಿಲ್ಲ."

"ಅಂದ್ರೆ ಉಗ್ರಾಣ ಭದ್ರವಾಗಿದೆ, ತಂತಿ ಜಾರಿದೆ," ಎಂದಳು ಆಸಿಯೆ.

"ಅದೇ! ಆ ತಂತಿ ನೋಡೋರು ಕೆಳಗಿನ ಮಹಡೀಲಿದ್ದಾರೆ, ನಡೀರಿ."

ಆಸಿಯೆ ಮೆಟ್ಟಿಲನ್ನು ಎರಡೆರಡಾಗಿ ಇಳಿದಳು. ದುರ್ಸುನ್ ಹಿಂದೆ ಉಳಿದ.

ಕೆಳಗಿನ ಮಹಡಿಯಲ್ಲಿ ಕಿವಿ ಪರೀಕ್ಷಿಸುವವಳು ಎಲ್ಚಿನ್ ಎಂಬ ಚುರುಕು ಹುಡುಗಿ. ದುರ್ಸುನ್‌ನನ್ನು ಗಾಜಿನ ಗೂಡಿನೊಳಗೆ ಕೂರಿಸಿ, ಸದ್ದು ಕೇಳಿದಾಗಲೆಲ್ಲ ಗುಂಡಿ ಒತ್ತಲು ಹೇಳಿದಳು. ದಪ್ಪ ಸದ್ದಿಗೆ ಅವನು ಟಕಟಕ ಒತ್ತಿದ. ಸದ್ದು ತೆಳ್ಳಗಾಗಿ ಏರುತ್ತ ಹೋದಂತೆ ಬೆರಳು ತಡವರಿಸಿತು. ಒಂದು ಮಟ್ಟದ ಮೇಲೆ ಅವನು ಗುಂಡಿಯ ಮೇಲೆ ಬೆರಳಿಟ್ಟುಕೊಂಡು ಸುಮ್ಮನೆ ಕಾಯುತ್ತಲೇ ಇದ್ದ. ಹೊರಗೆ ಆಸಿಯೆಗೆ ಎಲ್ಚಿನ್ನಳ ಯಂತ್ರದಿಂದ ಕೀರಲು ಸದ್ದು ಸ್ಪಷ್ಟವಾಗಿ ಕೇಳುತ್ತಿತ್ತು.

"ಒಳಗಿವಿ ನರದ ಕಿವುಡು," ಎಂದಳು ಎಲ್ಚಿನ್. "ಕಿವಿಯ ಒಳಗೆ ಕೂದಲಿನಂಥ ಸಣ್ಣ ಸಣ್ಣ ಜೀವಕಣಗಳಿರ್ತವೆ. ಎಂಜಿನ್ ಪಕ್ಕ ಮೂವತ್ತು ವರ್ಷ ಕೂತ್ರೆ ಅವು ಸಾಯ್ತವೆ. ತೆಳು ಸದ್ದು ಹಿಡಿಯೋವು ಮೊದಲು ಸಾಯ್ತವೆ. ದಪ್ಪ ಧ್ವನಿ ಉಳಿಯುತ್ತೆ, ಅದಕ್ಕೇ ಎದುರಿಗೆ ಕೂತ್ರೆ ಮಾತು ಕೇಳುತ್ತೆ. ನಿಮ್ಮ ಸಿಳ್ಳೆ ಇದ್ಯಲ್ಲ, ಅದು ಮನೆ ಮಾಡಿರೋದೇ ಇವರ ಹಾಳಾದ ಜಾಗದಲ್ಲಿ."

"ಮತ್ತೆ ಬೆಳೀತವಾ?"

"ಇಲ್ಲ ಅಮ್ಮಾ. ಹೋದದ್ದು ಹೋಯ್ತು. ಉಳಿದಿರೋದಕ್ಕೆ ಸದ್ದು ಜೋರು ಮಾಡಿ ಕೊಡಬಹುದು, ಅಷ್ಟೆ." ಅವಳು ಬಟಾಣಿ ಕಾಳಿನಷ್ಟು ಪುಟ್ಟ ಎರಡು ಯಂತ್ರಗಳನ್ನು ದುರ್ಸುನ್‌ನ ಕಿವಿಗಿಟ್ಟಳು. ಪಕ್ಕದ ಮೇಜಿನಲ್ಲಿ ಯಾರೋ ಚಹಾ ಕಲಕಿದರು. ದುರ್ಸುನ್ ಬೆಚ್ಚಿ ತಿರುಗಿದ. "ಚಮಚ!" ಎಂದ. "ಆಸಿಯೆ, ಚಮಚಕ್ಕೆ ಸದ್ದಿದೆ!"

ಆಸಿಯೆ ತಡೆಯಲಾರದೆ, ಈ ಸಲ ಮೆಲ್ಲಗೆ, ಒಂದು ಸಿಳ್ಳೆ ಹಾಕಿದಳು. ದುರ್ಸುನ್‌ನ ಮುಖ ಬಿಳಿಚಿತು. "ಬಂತು… ತುಂಡಾಗಿ ಹೋಯ್ತು. ಯಾರೋ ನುಂಗಿದ ಹಾಗೆ." ಅವನ ಕೈ ತಾನಾಗಿ ಹಣೆಗೆ ಹೋಯಿತು. "ಕಿವಿ ಅಲ್ಲ ಮಗಳೇ. ತಲೇನೇ."

ಎಲ್ಚಿನ್ ಒಂದು ಕ್ಷಣ ಯೋಚಿಸಿ ಬಿದ್ದುಬಿದ್ದು ನಕ್ಕಳು. "ತಲೆ ಅಲ್ಲ ಅಜ್ಜಾ! ಈ ಯಂತ್ರ ಒಮ್ಮೊಮ್ಮೆ ತಾನೇ ಕುಯ್ಯಿಗುಟ್ಟುತ್ತೆ. ಅದನ್ನ ಅಡಗಿಸೋ ಏರ್ಪಾಡು ಅದರೊಳಗೇ ಇದೆ. ನಿಮ್ಮ ಹೆಂಡ್ತಿ ಸಿಳ್ಳೇನ ತನ್ನದೇ ಕುಯ್ಯಿ ಅಂದ್ಕೊಂಡು ಬಾಯಿ ಮುಚ್ಚಿಸ್ತಿದೆ!"

"ನಲವತ್ತೊಂದು ವರ್ಷದಲ್ಲಿ ನನ್ನ ಬಾಯಿ ಮುಚ್ಚಿಸೋ ಧೈರ್ಯ ಇದೊಂದಕ್ಕೇ ಬಂದಿದ್ದು," ಎಂದಳು ಆಸಿಯೆ.

ಎಲ್ಚಿನ್ ಆ ಏರ್ಪಾಡನ್ನು ತೆಗೆದುಹಾಕಿದಳು. ಇನ್ನೊಮ್ಮೆ ನೋಡೋಣ ಎನ್ನುವಷ್ಟರಲ್ಲಿ ಕಾವಲುಗಾರ ಕೆಂಪುಮುಖ ಮಾಡಿಕೊಂಡು ಬಾಗಿಲಲ್ಲಿ ನಿಂತಿದ್ದ. "ಸಿಳ್ಳೆ ಹಾಕ್ಬೇಕಿದ್ರೆ ನಿಮ್ಮ ಗುಡ್ಡಕ್ಕೆ ಹೋಗಿ!" ಎಲ್ಚಿನ್ ದುರ್ಸುನ್‌ಗೆ ಬೆರಳು ತೋರಿಸಿ ಎಚ್ಚರಿಸಿದಳು: ಎಂಜಿನ್ ಪಕ್ಕ ಇನ್ನು ಕೂರಕೂಡದು, ಕೂತರೆ ಇದ್ದದ್ದೂ ಹೋಗುತ್ತದೆ.

ಹಾಗಾಗಿ ಶುಕ್ರವಾರದ ಹೊತ್ತಿಗೆ ದುರ್ಸುನ್ ಸನ್ನೆಗೋಲಿಗೆ ಉದ್ದನೆಯ ಸರಪಳಿ ಕಟ್ಟಿ ನಲವತ್ತು ಹೆಜ್ಜೆ ದೂರಕ್ಕೆ, ತೊರೆಯ ಕಡೆಯ ಬಂಡೆಯ ಹತ್ತಿರ ತಂದಿದ್ದ. ನಮಾಜು ಮುಗಿಸಿದ ಗಂಡಸರು ಅಕ್ರೋಟ್ ಮರದ ಕೆಳಗೆ, ಹೆಂಗಸರು ಎರಡೂ ಗುಡ್ಡದ ಮೇಲೆ. ಆಸಿಯೆಯ ಹಟಕ್ಕೆ ಒಂದು ಪರೀಕ್ಷೆಗೆ ಒಪ್ಪಿ ಎಂಜಿನ್ ಚಾಲೂ ಮಾಡಿಸಿದ್ದ ಯಾಕುಪನ ಅಂಗೈಯಲ್ಲಿ ಬೀಗದಕೈ. ಆಚೆ ದಡದಲ್ಲಿ ಆಸಿಯೆ, ಹೆಗಲ ಮೇಲೆ ಉದುರಿದ ಕಾಯಿಯ ಬುಟ್ಟಿ. ಅವಳ ಬಾಯಿ ಒಣಗಿತ್ತು. ಸಿಳ್ಳೆಗೆ ಒದ್ದೆ ತುಟಿ ಬೇಕು.

"ಒಂದೇ ಮಾತು," ಎಂದು ಯಾಕುಪ್ ಎರಡೂ ದಡಕ್ಕೆ ಸಿಳ್ಳೆ ಹಾಕಿದ. "ದುರ್ಸುನ್ 'ಇನ್ನೊಮ್ಮೆ ಹೇಳು' ಅಂದ್ರೆ ಬೀಗದಕೈ ನನ್ನ ತಮ್ಮನ ಮಗನಿಗೆ. ಶುರು!"

ಪೆಟ್ಟಿಗೆ ಹೊರಟಿತು. ಒಗೆಯುವ ಯಂತ್ರ ಇನ್ನೂ ಹೊಟ್ಟೆ ಮೇಲೆ ಮಾಡಿ ಬಿದ್ದುಕೊಂಡಿದ್ದ ಮಡುವಿನ ಮೇಲಕ್ಕೆ ಬಂದಿತೋ ಇಲ್ಲವೋ, ಆಸಿಯೆ ಉಸಿರೆಳೆದು "ನಿಲ್ಲಿಸು!" ಎಂದು ಹಾಕಿದಳು.

ಪೆಟ್ಟಿಗೆ ಗಕ್ಕನೆ ನಿಂತಿತು!

ಗುಡ್ಡದ ಮೇಲಿನ ಹೆಂಗಸರು ಹೋ ಎಂದರು. ಇದ್ರಿಸನ ನಜ್ಮಿಯೆ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದಳು. ಯಾಕುಪ್ ಮಾತ್ರ ಕೈಯಾಡಿಸಿ ಸಿಳ್ಳೆ ಹಾಕಿದ. "ಅದು ಒಂದು ಪದ, ನನ್ನ ನಾಯಿಗೂ ಗೊತ್ತು. ಒಂದು ಪೂರ್ತಿ ಮಾತು ಆಗ್ಲಿ, ಅವನಿಗೆ ಮೊದಲೇ ಗೊತ್ತಿಲ್ಲದ್ದು."

ಆಸಿಯೆ ಏನು ಹೇಳಬೇಕೆಂದು ಬಸ್ಸಿನಲ್ಲಿ ಬರುವಾಗಲೇ ಯೋಚಿಸಿಟ್ಟಿದ್ದಳು: ಅಂಗಡಿಯಿಂದ ಉಪ್ಪು ತಾ, ಕರುವಿಗೆ ನೀರು ಕುಡಿಸು. ಆದರೆ ಬೆರಳು ಬಾಯಿಗಿಟ್ಟಾಗ ಆ ಯಾವ ಮಾತೂ ನೆನಪಿಗೆ ಬರಲಿಲ್ಲ. ಹೆಗಲ ಮೇಲಿನ ಬುಟ್ಟಿ ಜಗ್ಗುತ್ತಿತ್ತು. ಅವಳು ಕಣ್ಣು ಮುಚ್ಚಿ ಸಿಳ್ಳೆ ಹಾಕಿದಳು.

"ದುರ್ಸುನ್, ಹೊರೆ ಭಾರ ಇದೆ. ಬಾ."

ಆಚೆ ಬಂಡೆಯ ಮೇಲಿನ ಸಣ್ಣ ಆಕೃತಿ ಅಲುಗಲಿಲ್ಲ. ಆಮೇಲೆ ಅದರ ಕೈ ಬಾಯಿಗೆ ಹೋಯಿತು, ಸಿಳ್ಳೆ ತೇಲಿಬಂತು.

"ಇನ್ನೊಮ್ಮೆ ಹೇಳು."

ಯಾಕುಪ್ ತನ್ನ ತಮ್ಮನ ಮಗನ ಕಡೆ ತಿರುಗಿದ್ದು ಆಸಿಯೆಗೆ ಕಾಣಿಸಿತು. ಹಾಳಾಗಿ ಹೋಗಲಿ ಬೀಗದಕೈ, ಇವನಿಗೆ ಕೇಳಿಸಲಿ, ಒಂದು ಸಲ ಕೇಳಿಸಲಿ! ಅವಳು ಎದೆಯಲ್ಲಿದ್ದ ಗಾಳಿಯನ್ನೆಲ್ಲ ಬೆರಳಿಗೆ ತಂದು ಹಾಕಿದಳು. "ಹೊರೆ ಭಾರ ಇದೆ! ಬಾ!"

"ಇನ್ನೊಮ್ಮೆ ಹೇಳು."

ಕಣ್ಣೀರಿನಲ್ಲಿ ತುಟಿ ಒದ್ದೆಯಾಗಿ ಮೂರನೆಯ ಸಿಳ್ಳೆ ಎಲ್ಲಕ್ಕಿಂತ ಚೆನ್ನಾಗಿ ಬಂತು. "ಹೊರೆ ಭಾರ ಇದೆ, ಕತ್ತೇ! ನಲವತ್ತೊಂದು ವರ್ಷದಿಂದ ಭಾರ ಇದೆ! ಬಾ!"

ಆಗ ಬಂಡೆಯ ಮೇಲಿನ ಆಕೃತಿ ಟೋಪಿ ತೆಗೆದು ಗಾಳಿಗೆ ಎಸೆಯಿತು. ಅವನ ಸಿಳ್ಳೆ ಎರಡೂ ಗುಡ್ಡಕ್ಕೆ ಬಡಿದು ಬಂತು. "ಮೊದಲ್ನೇ ಸಲಾನೇ ಕೇಳಿಸ್ತು ಆಸಿಯೆ! ಭಾರ ಇಲ್ಲ ಅಂತ ಅವತ್ತು ಇಡೀ ಊರ ಮುಂದೆ ಹೇಳಿದ್ಯಲ್ಲ, ಇದನ್ನೂ ಊರು ಮೂರು ಸಲ ಕೇಳ್ಲಿ ಅಂತ ಕೇಳ್ದೆ. ಯಾಕುಪ್, ನೀರಿಡು! ಚಹಾ ನಂದು, ಎರಡು ಗುಡ್ಡಕ್ಕೂ!"

ಕಣಿವೆಗೆ ಕಣಿವೆಯೇ ಸಿಳ್ಳೆಯಾಯಿತು. ಯಾಕುಪ್ ಬೀಗದಕೈಯನ್ನು ಬಂಡೆಯ ಮೇಲೆ ದುರ್ಸುನ್‌ನ ಪಕ್ಕ ಇಟ್ಟು ಕೆಟಲಿಗೆ ನೀರು ತುಂಬಲು ಓಡಿದ. ದುರ್ಸುನ್ ಬೀಗದಕೈಯನ್ನು ನೋಡಲೂ ಇಲ್ಲ. ಅವನು ಆಗಲೇ ಇಳಿಜಾರಿನಲ್ಲಿ ತೊರೆಯ ಕಡೆಗೆ, ಬುಟ್ಟಿ ಇಳಿಸಿಕೊಳ್ಳಲು, ಎದ್ದುಬಿದ್ದು ಓಡಿಬರುತ್ತಿದ್ದ.